ತಾಯಂದಿರು ಹೇಳಿಕೊಳ್ಳದ ಬೇನೆ: ಹೆರಿಗೆ ಮತ್ತು ಶ್ರೋಣಿತಳದ ದೌರ್ಬಲ್ಯ

ಕೆಮ್ಮಿದಾಗ, ಸೀನಿದಾಗ, ತುಂಬಿದ ಕೊಡ ಎತ್ತಿದಾಗ ಅರಿವಿಲ್ಲದೆ ಮೂತ್ರ ಜಿನುಗುವುದು. ಸಂಜೆಯ ಹೊತ್ತಿಗೆ ಕಿಬ್ಬೊಟ್ಟೆ ಭಾರವಾಗಿ, ಯೋನಿಮಾರ್ಗದಲ್ಲಿ ಗಡ್ಡೆಯಂತಹುದೇನೋ ಕೆಳಗಿಳಿದಂತೆ ಭಾಸವಾಗುವುದು. ವಾಯುವನ್ನಾಗಲಿ ಮಲವನ್ನಾಗಲಿ ತಡೆದುಕೊಳ್ಳಲಾಗದಿರುವುದು. ನಿಂತಷ್ಟೂ ಸೊಂಟದ ಕೆಳಗೆ ಎಳೆತ ಹೆಚ್ಚುವುದು. ಹೆತ್ತ ತಾಯಂದಿರಲ್ಲಿ ಬಹುಮಂದಿಗೆ ಇರುವ, ಆದರೆ ಬಹುಮಂದಿ ಬಾಯಿಬಿಟ್ಟು ಹೇಳದ ತೊಂದರೆಗಳಿವು. ನಾಲ್ಕು ದಶಕಗಳಿಗೆ ಸಮೀಪದ ನಮ್ಮ ವೈದ್ಯವೃತ್ತಿಯಲ್ಲಿ ಈ ದೂರನ್ನೇ ಮೊದಲು ಹೇಳಿದ ತಾಯಂದಿರು ತೀರ ವಿರಳ. ಮಂಡಿನೋವಿಗೆಂದೋ, ಮಲಬದ್ಧತೆಗೆಂದೋ ಬಂದವರು ಔಷಧಿಯ ಚೀಟಿ ಕೈಗೆ ಬಂದ ಮೇಲೆ, ಹೊರಡುವ ಮುನ್ನ, ದನಿ ತಗ್ಗಿಸಿ ಇದನ್ನು ಹೇಳುತ್ತಾರೆ. ಅಷ್ಟರಲ್ಲಿ ಹತ್ತು ಹದಿನೈದು ವರ್ಷಗಳು ಕಳೆದಿರುತ್ತವೆ.

ಈ ಮೌನಕ್ಕೆ ಎರಡು ಕಾರಣಗಳುಂಟು. ಒಂದು ಸಂಕೋಚ. ಇನ್ನೊಂದು, ‘ಹೆತ್ತವರಿಗೆಲ್ಲ ಇದು ಇದ್ದದ್ದೇ’ ಎಂಬ ನಂಬಿಕೆ. ಹೆರಿಗೆಗೆ ಸೂತಕದ ಅಪವಿತ್ರತೆಯನ್ನು ಅಂಟಿಸಬಾರದೆಂದು ಹನ್ನೆರಡನೆಯ ಶತಮಾನದ ಶರಣರು ಸಾರಿದ್ದನ್ನು ಬಲ್ಲ ಸಮಾಜ ನಮ್ಮದು. ಹೀಗಿದ್ದೂ ಹೆತ್ತ ದೇಹದ ನೋವನ್ನು ಕುರಿತು ಮಾತನಾಡಲು ನಾಚುತ್ತೇವೆ. ಎರಡನೆಯ ನಂಬಿಕೆಯಂತೂ ಅರ್ಧ ಮಾತ್ರ ನಿಜ. ತೊಂದರೆ ಸಾಮಾನ್ಯವಾದುದು, ನಿಜ. ಆದರೆ ಅದನ್ನು ಸಹಿಸಿಕೊಂಡೇ ಇರಬೇಕಾದ ಅಗತ್ಯವಿಲ್ಲ. ಕಳೆದ ಮೂವತ್ತು ನಲವತ್ತು ವರ್ಷಗಳ ವೈದ್ಯಕೀಯ ಸಂಶೋಧನೆ ಈ ವಿಷಯದಲ್ಲಿ ಬಹಳಷ್ಟನ್ನು ಸ್ಪಷ್ಟಪಡಿಸಿದೆ. ಅದರ ಸಾರವನ್ನು ಇಲ್ಲಿ ತಿಳಿಸಲು ಪ್ರಯತ್ನಿಸುತ್ತೇವೆ.

ಶ್ರೋಣಿತಳ ಎಂದರೇನು?

ನಮ್ಮ ಸೊಂಟದ ಎಲುಬುಗಳು ಸೇರಿ ಒಂದು ಬೋಗುಣಿಯ ಆಕಾರವನ್ನು ರಚಿಸುತ್ತವೆ. ಇದನ್ನು ಶಾಸ್ತ್ರದಲ್ಲಿ ಶ್ರೋಣಿ ಎನ್ನುತ್ತಾರೆ. ಈ ಬೋಗುಣಿಗೆ ಎಲುಬಿನ ತಳವಿಲ್ಲ. ಮುಂದಿನ ಗುಹ್ಯಾಸ್ಥಿಯಿಂದ ಹಿಂದಿನ ಬಾಲದೆಲುಬಿನವರೆಗೆ ಹರಡಿಕೊಂಡ ಸ್ನಾಯುಗಳ ಪದರವೇ ಅದರ ತಳ. ಇಂಗ್ಲಿಷಿನಲ್ಲಿ ಪೆಲ್ವಿಕ್ ಫ್ಲೋರ್ ಎನ್ನುವುದು ಇದನ್ನೇ. ಮುಂದೆ ಮೂತ್ರಕೋಶ, ನಡುವೆ ಗರ್ಭಕೋಶ, ಹಿಂದೆ ಮಲಾಶಯ, ಈ ಮೂರೂ ಇದರ ಮೇಲೆ ಕುಳಿತಿವೆ. ಇವುಗಳ ಮೂರು ದ್ವಾರಗಳೂ ಈ ಪದರದ ಮೂಲಕವೇ ಹೊರಬರುತ್ತವೆ. ಆದ್ದರಿಂದ ಈ ಸ್ನಾಯುಗಳಿಗೆ ಎರಡು ಕೆಲಸ: ಮೇಲಿನ ಅಂಗಗಳನ್ನು ಹೊರುವುದು, ಕೆಳಗಿನ ದ್ವಾರಗಳನ್ನು ಬಿಗಿಯುವುದು.

ಅಂಗಗಳನ್ನು ಹಿಡಿದಿಡಲು ಮತ್ತೊಂದು ವ್ಯವಸ್ಥೆಯೂ ಇದೆ. ಶ್ರೋಣಿಯ ಗೋಡೆಗಳಿಂದ ಬರುವ ಕಟ್ಟುನಾರುಗಳು ಗರ್ಭಕೋಶವನ್ನೂ ಯೋನಿಮಾರ್ಗವನ್ನೂ ಎಳೆದು ಕಟ್ಟಿವೆ. ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದ ಡಾ. ಜಾನ್ ಡಿಲಾನ್ಸಿ ಅವರು 1992ರಲ್ಲಿ ಈ ಆಧಾರವನ್ನು ಮೇಲಿನದು, ನಡುವಿನದು, ಕೆಳಗಿನದು ಎಂದು ಮೂರು ಹಂತಗಳಾಗಿ ವಿಂಗಡಿಸಿ ವಿವರಿಸಿದರು. ಇಂದಿಗೂ ಶಸ್ತ್ರವೈದ್ಯರು ಈ ವಿಂಗಡಣೆಯನ್ನೇ ಅನುಸರಿಸುತ್ತಾರೆ.

ಹಳೆಯ ಅಡುಗೆಮನೆಗಳಲ್ಲಿ ಹಾಲು ಮೊಸರಿನ ಗಡಿಗೆಗಳನ್ನಿಡುತ್ತಿದ್ದ ನೆಲುವನ್ನು ನೆನೆಯಿರಿ. ನೆಲುವಿನ ಗಡಿಗೆಗಳ ಕೆಳಗೆ ಒಂದು ಗಟ್ಟಿ ಹಲಗೆಯೂ ಇದೆಯೆಂದು ಭಾವಿಸೋಣ. ಹಲಗೆ ಭಾರವನ್ನು ಹೊತ್ತಿರುವವರೆಗೆ ಹಗ್ಗಕ್ಕೆ ಶ್ರಮವಿಲ್ಲ. ಹಲಗೆ ಕುಸಿದರೆ ಗಡಿಗೆ ಒಡನೆಯೇ ಬೀಳುವುದಿಲ್ಲ. ಹಗ್ಗವೇ ಪೂರ್ತಿ ಭಾರ ಹೊತ್ತು ಕೆಲಕಾಲ ತಡೆಯುತ್ತದೆ. ಆದರೆ ದಿನಗಳೆದಂತೆ ಹಗ್ಗ ಜಗ್ಗಿ ಉದ್ದವಾಗುತ್ತದೆ. ಇಲ್ಲಿ ಹಲಗೆಯೆಂದರೆ ಸ್ನಾಯು, ಹಗ್ಗವೆಂದರೆ ಕಟ್ಟುನಾರು. ಇಪ್ಪತ್ತೈದನೆಯ ವಯಸ್ಸಿನ ಹೆರಿಗೆಯಲ್ಲಿ ಸ್ನಾಯುವಿಗಾದ ಪೆಟ್ಟು ನಲವತ್ತೈದು ಐವತ್ತರ ಹೊತ್ತಿಗೆ ಗರ್ಭಕೋಶದ ಜಾರುವಿಕೆಯಾಗಿ ತೋರುವುದು ಹೀಗೆ.

ಹೆರಿಗೆಯಲ್ಲಿ ಆಗುವುದೇನು?

ಮಗುವಿನ ತಲೆ ಹೊರಬರುವಾಗ ಈ ಸ್ನಾಯುಗಳು ಅಪಾರವಾಗಿ ಹಿಗ್ಗಬೇಕಾಗುತ್ತದೆ. 2004ರಲ್ಲಿ ಮಿಷಿಗನ್ನಿನ ಸಂಶೋಧಕರು ಕಂಪ್ಯೂಟರ್ ಮಾದರಿಯೊಂದನ್ನು ರಚಿಸಿ ಲೆಕ್ಕ ಹಾಕಿದಾಗ, ಗುಹ್ಯಾಸ್ಥಿಯ ಬಳಿಯ ಒಳಸ್ನಾಯು ತನ್ನ ಮೂಲ ಉದ್ದದ ಮೂರು ಪಟ್ಟಿಗಿಂತ ಹೆಚ್ಚು ಹಿಗ್ಗಬೇಕೆಂದು ತಿಳಿದುಬಂತು. ಗರ್ಭಕಾಲದಲ್ಲಿ ದೇಹವು ಇದಕ್ಕಾಗಿ ಸಿದ್ಧವಾಗುವುದರಿಂದಲೇ ಬಹುಪಾಲು ತಾಯಂದಿರಲ್ಲಿ ಈ ಸ್ನಾಯು ಹಿಗ್ಗಿ ಮತ್ತೆ ತನ್ನ ಸ್ಥಿತಿಗೆ ಮರಳುತ್ತದೆ. ಕೆಲವರಲ್ಲಿ ಮರಳುವುದಿಲ್ಲ. ಸ್ನಾಯು ಎಲುಬಿನಿಂದಲೇ ಕಿತ್ತುಬರಬಹುದು, ಅದರ ನರಕ್ಕೆ ಪೆಟ್ಟಾಗಬಹುದು, ಗುದದ ಬಿಗಿಸ್ನಾಯು ಹರಿಯಬಹುದು. ಹೊರಗಿನ ಹೊಲಿಗೆ ಮಾಗಿದರೂ ಒಳಗಿನ ಈ ಹಾನಿ ಕಣ್ಣಿಗೆ ಕಾಣದು.

ಎಂ.ಆರ್.ಐ. ಬಂದ ಮೇಲೆ ಈ ಹಾನಿಯನ್ನು ನೋಡುವುದು ಸಾಧ್ಯವಾಯಿತು. ಡಾ. ಡಿಲಾನ್ಸಿ ಮತ್ತು ಸಂಗಡಿಗರು 2003ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮಕ್ಕಳನ್ನು ಹೆರದ ಸ್ತ್ರೀಯರೊಬ್ಬರಲ್ಲಿಯೂ ಸ್ನಾಯುವಿನ ಹರಿತ ಕಂಡುಬರಲಿಲ್ಲ. ಒಮ್ಮೆ ಸಹಜ ಹೆರಿಗೆಯಾದವರಲ್ಲಿ ನೂರಕ್ಕೆ 20 ಮಂದಿಯಲ್ಲಿ ಅದು ಕಂಡಿತು. ಮೊದಲ ಹೆರಿಗೆ, ದೀರ್ಘಕಾಲ ಮುಕ್ಕುವುದು, ಇಕ್ಕಳ ಹಾಕಿ ತೆಗೆಯುವುದು, ದೊಡ್ಡ ಮಗು, ಇವು ಅಪಾಯವನ್ನು ಹೆಚ್ಚಿಸುವ ಅಂಶಗಳು.

ಹಾಗಾದರೆ ಎಲ್ಲರಿಗೂ ಸಿಸೇರಿಯನ್ನೇ ಒಳ್ಳೆಯದಲ್ಲವೇ ಎಂದು ಕೇಳುವವರಿದ್ದಾರೆ. ಅಂಕಿಅಂಶಗಳನ್ನು ಮೊದಲು ನೋಡೋಣ. ನಾರ್ವೆಯಲ್ಲಿ 15,307 ಸ್ತ್ರೀಯರನ್ನು ಒಳಗೊಂಡ ಸಮೀಕ್ಷೆಯೊಂದು 2003ರಲ್ಲಿ ಪ್ರಕಟವಾಯಿತು. ಮೂತ್ರ ಜಿನುಗುವ ತೊಂದರೆ ಹೆರದವರಲ್ಲಿ ಶೇಕಡಾ 10.1, ಸಿಸೇರಿಯನ್ ಆದವರಲ್ಲಿ ಶೇಕಡಾ 15.9, ಸಹಜ ಹೆರಿಗೆಯಾದವರಲ್ಲಿ ಶೇಕಡಾ 21 ಇತ್ತು. ಅಂದರೆ ಸಿಸೇರಿಯನ್ ಆದವರೂ ಪೂರ್ತಿ ಪಾರಾಗಿರಲಿಲ್ಲ. ಒಂಬತ್ತು ತಿಂಗಳು ಗರ್ಭದ ಭಾರ ಹೊತ್ತದ್ದೇ ಒಂದು ಕಾರಣ. ಐವತ್ತು ದಾಟಿದವರಲ್ಲಿ ಈ ಎರಡು ಗುಂಪುಗಳ ನಡುವಿನ ವ್ಯತ್ಯಾಸವೂ ಉಳಿದಿರಲಿಲ್ಲ. ಗರ್ಭಕೋಶ ಜಾರುವ ವಿಷಯದಲ್ಲಿ ಮಾತ್ರ ಅಂತರ ದೊಡ್ಡದು. ಅಮೆರಿಕದಲ್ಲಿ 1,528 ತಾಯಂದಿರನ್ನು ವರ್ಷಗಳ ಕಾಲ ಗಮನಿಸಿ 2018ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಮೊದಲ ಹೆರಿಗೆಯಾಗಿ 15 ವರ್ಷಗಳೊಳಗೆ ಶ್ರೋಣಿಯ ಅಂಗಗಳು ಕೆಳಗಿಳಿಯುವುದು ಸಹಜ ಹೆರಿಗೆಯವರಲ್ಲಿ ಶೇಕಡಾ 30, ಇಕ್ಕಳ ಅಥವಾ ನಿರ್ವಾತಯಂತ್ರದ ನೆರವಿನಿಂದ ಹೆತ್ತವರಲ್ಲಿ ಶೇಕಡಾ 45, ಸಿಸೇರಿಯನ್ ಆದವರಲ್ಲಿ ಶೇಕಡಾ 9.4.

ಇದನ್ನು ಓದಿ ಸಿಸೇರಿಯನ್ ಕೇಳಿಕೊಂಡು ಹೋಗಬೇಕೆಂದು ನಾವು ಹೇಳುವುದಿಲ್ಲ. ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಕರ್ನಾಟಕದಲ್ಲಿ ಆಗಲೇ ನೂರಕ್ಕೆ 31.5 ಹೆರಿಗೆಗಳು ಶಸ್ತ್ರಕ್ರಿಯೆಯಿಂದಲೇ ಆಗುತ್ತಿವೆ. ಹೊಟ್ಟೆ ಕೊಯ್ದ ಗಾಯಕ್ಕೆ ಅದರದೇ ಅಪಾಯಗಳಿವೆ. ಮುಂದಿನ ಬಸಿರಿನಲ್ಲಿ ಮಾಸು ಹಳೆಯ ಗಾಯಕ್ಕೆ ಅಂಟಿಕೊಂಡು ಪ್ರಾಣಾಪಾಯವಾಗುವುದೂ ಉಂಟು. ಸರಿಯಾದ ಮಾರ್ಗವೆಂದರೆ ಸಹಜ ಹೆರಿಗೆಯನ್ನು ಜಾಗರೂಕತೆಯಿಂದ ಮಾಡಿಸುವುದು, ಅನಂತರ ಸ್ನಾಯುಗಳನ್ನು ಮರಳಿ ಬಲಪಡಿಸುವುದು. ಮಗುವಿನ ತಲೆ ಹೊರಬರುವ ಹಂತದಲ್ಲಿ ಬಿಸಿನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯನ್ನು ತಾಯಿಯ ಮೂಲಾಧಾರ ಭಾಗಕ್ಕೆ ಹಿಡಿದರೆ ಆಳವಾದ ಹರಿತಗಳು ಕಡಿಮೆಯಾಗುತ್ತವೆಂಬುದು ಪ್ರಯೋಗಗಳಿಂದ ಸಿದ್ಧವಾಗಿದೆ. ಎಲ್ಲರಿಗೂ ಕಡ್ಡಾಯವೆಂಬಂತೆ ಯೋನಿದ್ವಾರವನ್ನು ಕತ್ತರಿಸುವ ಪದ್ಧತಿ ಬೇಡವೆಂದು ವಿಶ್ವ ಆರೋಗ್ಯ ಸಂಸ್ಥೆ 2018ರ ಮಾರ್ಗಸೂಚಿಯಲ್ಲಿ ಹೇಳಿದೆ.

ಆಯುರ್ವೇದದ ನೋಟ

ನಮ್ಮ ಪ್ರಾಚೀನರು ಈ ವಿಷಯವನ್ನು ಕಡೆಗಣಿಸಿರಲಿಲ್ಲ. ಚರಕಸಂಹಿತೆಯ ಚಿಕಿತ್ಸಾಸ್ಥಾನದ ಮೂವತ್ತನೆಯ ಅಧ್ಯಾಯದಲ್ಲಿಯೂ ಸುಶ್ರುತಸಂಹಿತೆಯ ಉತ್ತರತಂತ್ರದಲ್ಲಿಯೂ ಇಪ್ಪತ್ತು ಯೋನಿವ್ಯಾಪತ್ತುಗಳನ್ನು ಹೇಳಿದೆ. ಅವುಗಳಲ್ಲಿ ಪ್ರಸ್ರಂಸಿನೀ, ಮಹಾಯೋನಿ ಮೊದಲಾದವುಗಳ ಲಕ್ಷಣಗಳು ಇಂದು ನಾವು ಅಂಗಜಾರುವಿಕೆ ಎನ್ನುವುದಕ್ಕೆ ಹತ್ತಿರವಾಗಿವೆ. ಸ್ಥಾನ ತಪ್ಪಿದ ಅಂಗವನ್ನು ಎಣ್ಣೆ ಹಚ್ಚಿ, ಬೆವರಿಸಿ, ಕೈಯಿಂದ ಮೆಲ್ಲನೆ ಸ್ವಸ್ಥಾನಕ್ಕೆ ಸೇರಿಸಬೇಕೆಂದು ಚರಕರು ವಿಧಿಸಿದ್ದಾರೆ. ಮೂತ್ರ, ಮಲ, ಗರ್ಭ ಇವುಗಳ ವಿಸರ್ಜನೆ ಅಪಾನವಾಯುವಿನ ಕಾರ್ಯ. ಅದು ಕೆಟ್ಟಾಗ ಈ ಮೂರೂ ಕೆಡುತ್ತವೆ ಎಂಬುದು ನಮ್ಮ ಶಾಸ್ತ್ರದ ಮೂಲಸೂತ್ರ. ಮೂರು ದ್ವಾರಗಳನ್ನೂ ಒಂದೇ ಸ್ನಾಯುತಳ ಹಿಡಿದಿದೆ ಎಂಬ ಇಂದಿನ ತಿಳಿವಳಿಕೆಯೊಡನೆ ಇದನ್ನು ಇಟ್ಟು ನೋಡಿದರೆ ಆ ವೈದ್ಯರ ವೀಕ್ಷಣೆಯ ಸೂಕ್ಷ್ಮತೆ ತಿಳಿಯುತ್ತದೆ.

ಇನ್ನೊಂದು ಸೂಚನೆಯನ್ನು ಗಮನಿಸಬೇಕು. ಹೆರಿಗೆಯ ನೋವು ಬಾರದಿರುವಾಗ ಮುಕ್ಕಬಾರದು, ಅದು ವ್ಯರ್ಥ ಶ್ರಮ. ನೋವು ಬಂದಾಗ ಮೊದಲು ಮೆಲ್ಲಗೆ, ಅನಂತರ ಕ್ರಮವಾಗಿ ಹೆಚ್ಚು ಬಲದಿಂದ ಮುಕ್ಕಬೇಕು ಎಂದು ಚರಕರು ಶಾರೀರಸ್ಥಾನದಲ್ಲಿ ಹೇಳಿದ್ದಾರೆ. ಹೆರಿಗೆ ಕೋಣೆಯಲ್ಲಿ ನೋವಿಲ್ಲದಿದ್ದರೂ ‘ಮುಕ್ಕು, ಮುಕ್ಕು’ ಎಂದು ಅವಸರಪಡಿಸುವವರು ಇದನ್ನು ನೆನಪಿಡುವುದು ಒಳ್ಳೆಯದು. ಹಾಗೆಯೇ ಮಲಮೂತ್ರಾದಿ ವೇಗಗಳನ್ನು ತಡೆಯಬಾರದು, ಬಾರದಿರುವುದನ್ನು ಬಲವಂತವಾಗಿ ಹೊರಡಿಸಲೂ ಬಾರದು ಎಂಬ ದಿನಚರಿಯ ನಿಯಮವೂ ಶ್ರೋಣಿತಳದ ರಕ್ಷಣೆಗೆ ನೇರವಾಗಿ ಅನ್ವಯಿಸುತ್ತದೆ.

ಆದರೆ ಒಂದು ಮಾತನ್ನು ಆಯುರ್ವೇದ ವೈದ್ಯರಾದ ನಾವೇ ನಿಸ್ಸಂಕೋಚವಾಗಿ ಹೇಳಬೇಕು. ಎಲುಬಿನಿಂದ ಕಿತ್ತ ಸ್ನಾಯುವನ್ನು ಯಾವ ಕಷಾಯವೂ ಮರಳಿ ಜೋಡಿಸಲಾರದು. ಅಭ್ಯಂಗ, ಪಿಚು, ಬಸ್ತಿ, ವಾತಹರ ಔಷಧಗಳು ಅರ್ಹ ವೈದ್ಯರ ಕೈಯಲ್ಲಿ ನೋವನ್ನು ಶಮನಗೊಳಿಸಲು, ಮಲಬದ್ಧತೆ ನೀಗಿಸಲು ಸಹಾಯಕ. ಯಾರೋ ಹೇಳಿದರೆಂದು ಬೇರು, ಸೊಪ್ಪು, ಕ್ಷಾರಗಳನ್ನು ಯೋನಿಯಲ್ಲಿರಿಸಿಕೊಂಡು ಹುಣ್ಣು ಮಾಡಿಕೊಳ್ಳುವುದು ಆಯುರ್ವೇದವಲ್ಲ. ಸ್ನಾಯುವಿಗೆ ಬಲ ಬರುವುದು ಸ್ನಾಯುವಿನ ದುಡಿಮೆಯಿಂದಲೇ.

ಕೆಗೆಲ್ ತೋರಿದ ದಾರಿ

ಈ ದುಡಿಮೆಯನ್ನು ಆಧುನಿಕ ವೈದ್ಯಕ್ಕೆ ಪರಿಚಯಿಸಿದವರಲ್ಲಿ ಪ್ರಮುಖರು ಅಮೆರಿಕದ ಸ್ತ್ರೀರೋಗತಜ್ಞ ಡಾ. ಅರ್ನಾಲ್ಡ್ ಕೆಗೆಲ್. 1948ರಲ್ಲಿ ಅವರು ಪ್ರಕಟಿಸಿದ ಲೇಖನದಿಂದ ಈ ವ್ಯಾಯಾಮಕ್ಕೆ ಅವರ ಹೆಸರೇ ನಿಂತಿತು. ಒಳಗಿರಿಸಿದ ಸಾಧನಕ್ಕೆ ಒತ್ತಡಮಾಪಕ ಜೋಡಿಸಿ, ತಾನು ಸ್ನಾಯುವನ್ನು ಬಿಗಿದಾಗ ಮುಳ್ಳು ಎಷ್ಟು ಸರಿಯಿತೆಂದು ಸ್ತ್ರೀಯೇ ನೋಡಿಕೊಳ್ಳುವಂತೆ ಅವರು ಮಾಡಿದ್ದರು. ನಮ್ಮ ಯೋಗಪದ್ಧತಿಯ ಅಶ್ವಿನೀಮುದ್ರೆ, ಮೂಲಬಂಧಗಳನ್ನು ಬಲ್ಲವರಿಗೆ ಈ ಬಿಗಿತ ಹೊಸದೆನಿಸದು.

ಇದರ ಫಲವೇನು? ಅನೇಕ ಪ್ರಯೋಗಗಳನ್ನು ಒಟ್ಟುಗೂಡಿಸಿ ತೂಗುವ ಕಾಕ್ರೇನ್ ಸಂಸ್ಥೆಯ 2018ರ ಪರಾಮರ್ಶೆಯು 14 ದೇಶಗಳ 31 ಪ್ರಯೋಗಗಳನ್ನು ಪರಿಶೀಲಿಸಿತು. ಕೆಮ್ಮು ಸೀನಿನಿಂದ ಮೂತ್ರ ಜಿನುಗುತ್ತಿದ್ದವರಲ್ಲಿ, ವ್ಯಾಯಾಮ ಮಾಡಿದ ನೂರರಲ್ಲಿ 56 ಮಂದಿ ತಮಗೆ ಗುಣವಾಯಿತೆಂದರು. ಮಾಡದವರಲ್ಲಿ ಹಾಗೆಂದವರು ನೂರಕ್ಕೆ 6. ಇಷ್ಟು ಫಲ ಕೊಡುವ, ಖರ್ಚಿಲ್ಲದ, ಶಸ್ತ್ರವಿಲ್ಲದ ಚಿಕಿತ್ಸೆ ವೈದ್ಯಶಾಸ್ತ್ರದಲ್ಲಿ ಹೆಚ್ಚಿಲ್ಲ. ಗರ್ಭಿಣಿಯಿದ್ದಾಗಲೇ ಆರಂಭಿಸಿದವರಿಗೆ ಲಾಭ ಇನ್ನೂ ಹೆಚ್ಚು. 2020ರ ಮತ್ತೊಂದು ಕಾಕ್ರೇನ್ ಪರಾಮರ್ಶೆಯಂತೆ, ಮೊದಲು ತೊಂದರೆಯಿಲ್ಲದ ಗರ್ಭಿಣಿಯರು ಈ ವ್ಯಾಯಾಮ ಮಾಡಿದಾಗ ಬಸಿರಿನ ಕೊನೆಯ ತಿಂಗಳುಗಳಲ್ಲಿ ಮೂತ್ರ ಜಿನುಗುವ ಸಂಭವ ಶೇಕಡಾ 62ರಷ್ಟು ಇಳಿಯಿತು. ಅಂಗ ಜಾರಿದವರಿಗೂ ಇದು ಉಪಯುಕ್ತ. ಬ್ರಿಟನ್, ಆಸ್ಟ್ರೇಲಿಯಾ, ನ್ಯೂಜಿಲೆಂಡ್‌ಗಳ 447 ಸ್ತ್ರೀಯರ ಮೇಲೆ ನಡೆದು 2014ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಒಬ್ಬೊಬ್ಬರಿಗೂ ಪ್ರತ್ಯೇಕವಾಗಿ ಕಲಿಸಿದ ವ್ಯಾಯಾಮದಿಂದ ಜಾರುವಿಕೆಯ ಬಾಧೆ ಕಡಿಮೆಯಾದುದು ಕಂಡುಬಂತು.

ಕಲಿಸುವುದು ಎಂಬ ಮಾತಿಗೆ ಇಲ್ಲಿ ಒತ್ತು. 1991ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ 47 ಸ್ತ್ರೀಯರಿಗೆ ಈ ವ್ಯಾಯಾಮವನ್ನು ಬಾಯಿಮಾತಿನಲ್ಲಿ ಚುಟುಕಾಗಿ ವಿವರಿಸಿ ಮಾಡಲು ಹೇಳಿದರು. ಅರ್ಧದಷ್ಟು ಮಂದಿ ಮಾತ್ರ ಸರಿಯಾಗಿ ಮಾಡಿದರು. ನಾಲ್ಕನೆಯ ಒಂದು ಭಾಗದವರು ಮೇಲಕ್ಕೆ ಎಳೆಯುವ ಬದಲು ಕೆಳಕ್ಕೆ ಮುಕ್ಕುವಂತಹ ತಪ್ಪು ಕ್ರಮ ಅನುಸರಿಸಿದರು. ಅದರಿಂದ ತೊಂದರೆ ಹೆಚ್ಚಬಹುದು. ಆದ್ದರಿಂದ ಒಮ್ಮೆಯಾದರೂ ಸ್ತ್ರೀರೋಗತಜ್ಞರ ಅಥವಾ ಈ ವಿಷಯದಲ್ಲಿ ತರಬೇತಿ ಪಡೆದ ಫಿಸಿಯೋಥೆರಪಿ ತಜ್ಞೆಯ ಬಳಿ ಹೋಗಿ ‘ನಾನು ಮಾಡುತ್ತಿರುವುದು ಸರಿಯೇ?’ ಎಂದು ಪರೀಕ್ಷಿಸಿಕೊಳ್ಳಬೇಕು.

ವ್ಯಾಯಾಮದ ಕ್ರಮ

ಮೂತ್ರ ವಿಸರ್ಜಿಸಿ, ಮೊದಲ ದಿನಗಳಲ್ಲಿ ಮಂಡಿ ಮಡಚಿ ಅಂಗಾತ ಮಲಗಿ ಆರಂಭಿಸಬೇಕು. ರೂಢಿಯಾದ ಮೇಲೆ ಕುಳಿತು, ನಿಂತು ಮಾಡಬಹುದು. ವಾಯುವನ್ನೂ ಮೂತ್ರವನ್ನೂ ಏಕಕಾಲದಲ್ಲಿ ತಡೆಯುವಂತೆ ಗುದದಿಂದ ಮುಂಭಾಗದವರೆಗೆ ಒಳಸ್ನಾಯುವನ್ನು ಬಿಗಿದು ಮೇಲಕ್ಕೆ ಎಳೆದುಕೊಳ್ಳಬೇಕು. ಹೊಟ್ಟೆ, ಪೃಷ್ಠ, ತೊಡೆಗಳು ಬಿಗಿಯಬಾರದು. ಉಸಿರು ಎಂದಿನಂತೆ ಆಡುತ್ತಿರಬೇಕು. ಉಸಿರು ಕಟ್ಟಿದರೆ ಒತ್ತಡ ಕೆಳಮುಖವಾಗುತ್ತದೆ.

ಮೊದಲು ಮೂರು ನಾಲ್ಕು ಸೆಕೆಂಡು ಬಿಗಿಹಿಡಿದು, ಅಷ್ಟೇ ಹೊತ್ತು ಪೂರ್ತಿ ಸಡಿಲಿಸಬೇಕು. ವಾರಗಳು ಕಳೆದಂತೆ ಹತ್ತು ಸೆಕೆಂಡಿನವರೆಗೆ ಏರಿಸಬಹುದು. ಹೀಗೆ ಒಂದು ಸಲಕ್ಕೆ ಎಂಟರಿಂದ ಹನ್ನೆರಡು ಬಾರಿ. ದಿನಕ್ಕೆ ಮೂರು ಸಲ. ಕೊನೆಯಲ್ಲಿ ಬೇಗಬೇಗನೆ ಬಿಗಿದು ಬಿಡುವುದನ್ನು ಕೆಲವು ಬಾರಿ ಸೇರಿಸಬೇಕು. ಮೂರು ತಿಂಗಳಾದರೂ ಬಿಡದೆ ಮಾಡಿದ ಮೇಲೆಯೇ ಫಲದ ಬಗ್ಗೆ ತೀರ್ಮಾನಿಸಬೇಕು. ಎರಡು ವಾರ ಮಾಡಿ ‘ಏನೂ ಆಗಲಿಲ್ಲ’ ಎಂದು ಬಿಡುವವರೇ ಹೆಚ್ಚು.

ಇದರೊಡನೆ ಒಂದು ಸರಳ ಉಪಾಯವಿದೆ. ಕೆಮ್ಮು ಅಥವಾ ಸೀನು ಬರುವ ಕ್ಷಣಕ್ಕೆ ಮುನ್ನ, ಭಾರ ಎತ್ತುವ ಮುನ್ನ, ಈ ಸ್ನಾಯುವನ್ನು ಬಿಗಿದು ಅನಂತರ ಕೆಮ್ಮುವುದು, ಎತ್ತುವುದು. ಮಿಷಿಗನ್ನಿನ ಸಂಶೋಧಕರು ಇದನ್ನು 27 ಮಂದಿ ಹಿರಿಯ ಸ್ತ್ರೀಯರಿಗೆ ಕಲಿಸಿದಾಗ ಒಂದೇ ವಾರದಲ್ಲಿ ಕೆಮ್ಮಿನೊಡನೆ ಮೂತ್ರ ಹೋಗುವುದು ಬಹಳ ಇಳಿಯಿತು.

ಮೂತ್ರ ಮಾಡುತ್ತಿರುವಾಗ ನಡುವೆ ತಡೆದು ತಡೆದು ಅಭ್ಯಾಸ ಮಾಡಬಾರದು. ಅದರಿಂದ ಮೂತ್ರಕೋಶ ಪೂರ್ತಿ ಬರಿದಾಗದೆ ಉಳಿಯುವ ಸಂಭವವಿದೆ. ಹೆರಿಗೆಯಾದವರು ಮೂತ್ರದ ನಳಿಕೆ ತೆಗೆದ ಮೇಲೆ, ನೋವು ಸಹಿಸುವಂತಾದಾಗ, ಮೆಲ್ಲಗೆ ಆರಂಭಿಸಬಹುದು. ಬಿಗಿದಾಗ ನೋವು ಹೆಚ್ಚುವವರು ವೈದ್ಯರನ್ನು ಕಾಣದೆ ಮುಂದುವರಿಸಬಾರದು. ಕೆಲವರ ಸ್ನಾಯು ಮೊದಲೇ ಅತಿಯಾಗಿ ಬಿಗಿದಿರುತ್ತದೆ, ಅವರಿಗೆ ಸಡಿಲಿಸುವುದನ್ನೇ ಕಲಿಸಬೇಕಾಗುತ್ತದೆ.

ಬಾಣಂತನ: ಯಾವುದನ್ನು ಉಳಿಸಿಕೊಳ್ಳಬೇಕು, ಯಾವುದನ್ನು ಬಿಡಬೇಕು?

ಸೂತಿಕೆಯ ಆರೈಕೆ ಒಂದೂವರೆ ತಿಂಗಳು ನಡೆಯಬೇಕೆಂದು ನಮ್ಮ ಶಾಸ್ತ್ರಗಳು ಹೇಳುತ್ತವೆ. ಹೆಣ್ಣುಮಗಳು ತವರಿಗೆ ಬಂದು ವಿಶ್ರಾಂತಿ ಪಡೆಯುವ, ಎಣ್ಣೆ ನೀರು ಕಾಣುವ ಈ ಪದ್ಧತಿಯ ಜೀವಾಳ ಒಳ್ಳೆಯದು. ಹಿಗ್ಗಿದ ಕಟ್ಟುನಾರು, ನೊಂದ ಸ್ನಾಯುಗಳಿಗೆ ಮಾಗಲು ಕಾಲ ಬೇಕು. ಆ ಕಾಲದಲ್ಲಿ ನೀರಿನ ಕೊಡ, ಹುಲ್ಲಿನ ಹೊರೆ, ಒದ್ದೆ ಬಟ್ಟೆಯ ಬುಟ್ಟಿ ಎತ್ತಬಾರದು. ಹೆರಿಗೆಯಾಗಿ ಎರಡು ವಾರಕ್ಕೇ ಹೊಲಗೆಲಸಕ್ಕೆ ಇಳಿಯಬೇಕಾದ ಬಡ ತಾಯಂದಿರಿಗೆ ಈ ವಿಶ್ರಾಂತಿ ಸಿಗುವುದಿಲ್ಲ. ನೆರೆಯ ನೇಪಾಳದಲ್ಲಿ ಈ ಕಷ್ಟ ರಾಷ್ಟ್ರೀಯ ಸಮಸ್ಯೆಯೇ ಆಗಿತ್ತು. ಸುಮಾರು 6 ಲಕ್ಷ ಸ್ತ್ರೀಯರಿಗೆ ಗರ್ಭಕೋಶ ಜಾರಿದೆಯೆಂದು ಅಲ್ಲಿ ಅಂದಾಜಿಸಲಾಗಿತ್ತು. 2008ರಲ್ಲಿ ಅಲ್ಲಿನ ಸರ್ವೋಚ್ಚ ನ್ಯಾಯಾಲಯವು ಇದನ್ನು ಸ್ತ್ರೀಯರ ಸಂತಾನಾರೋಗ್ಯದ ಹಕ್ಕಿನ ಪ್ರಶ್ನೆಯೆಂದು ತೀರ್ಪಿತ್ತಿತು.

ಆದರೆ ಕೆಲವು ರೂಢಿಗಳು ತಿದ್ದುಪಡಿ ಬೇಡುತ್ತವೆ. ಬಾಣಂತಿಗೆ ನೀರು ಕೊಡಬಾರದೆಂಬ ರೂಢಿಯಿಂದ ಮಲ ಗಟ್ಟಿಯಾಗಿ, ಆಕೆ ಮುಕ್ಕಿ ಮುಕ್ಕಿ ನೊಂದ ಸ್ನಾಯುವನ್ನು ಮತ್ತಷ್ಟು ನೋಯಿಸಿಕೊಳ್ಳುತ್ತಾಳೆ. ಕಾಯಿಸಿ ಆರಿಸಿದ ನೀರನ್ನು ಬಾಯಾರಿದಷ್ಟೂ ಕೊಡಬೇಕು. ಸೊಪ್ಪು, ತರಕಾರಿ, ಹೆಸರುಬೇಳೆ, ತುಪ್ಪ ಊಟದಲ್ಲಿರಬೇಕು. ಹೊಟ್ಟೆಗೆ ಬಟ್ಟೆ ಸುತ್ತುವುದನ್ನು ಚರಕರೂ ಹೇಳಿದ್ದಾರೆ, ಹಿತವಾಗಿ ಸುತ್ತಿದರೆ ತಪ್ಪಿಲ್ಲ. ಉಸಿರು ಕಟ್ಟುವಷ್ಟು ಬಿಗಿದರೆ ಮಾತ್ರ ಒತ್ತಡವೆಲ್ಲ ಕೆಳಕ್ಕೆ ಇಳಿದು ಶ್ರೋಣಿತಳದ ಮೇಲೆ ಬೀಳುತ್ತದೆ. ಮುಚ್ಚಿದ ಕೋಣೆಯಲ್ಲಿ ಕೆಂಡದ ಹೊಗೆ ಬೇಡ. ಅದರಿಂದ ಬರುವ ಕೆಮ್ಮು ತಾಯಿಗೂ ಮಗುವಿಗೂ ಕೇಡು. ನಲವತ್ತು ದಿನ ಹಾಸಿಗೆ ಬಿಡದಿರುವುದೂ ಬೇಡ. ಮನೆಯೊಳಗೆ ಮೆಲ್ಲಗೆ ಓಡಾಡುವುದು ಒಳ್ಳೆಯದು.

ತೂಕದ ಮಾತನ್ನೂ ಹೇಳಬೇಕು. ಸ್ಥೂಲಕಾಯದ 338 ಸ್ತ್ರೀಯರ ಮೇಲೆ ಅಮೆರಿಕದಲ್ಲಿ ನಡೆದು 2009ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ತಮ್ಮ ತೂಕದ ಶೇಕಡಾ 8ರಷ್ಟನ್ನು ಇಳಿಸಿಕೊಂಡ ಗುಂಪಿನಲ್ಲಿ ಮೂತ್ರ ಜಿನುಗುವ ಪ್ರಸಂಗಗಳು ಶೇಕಡಾ 47ರಷ್ಟು ಇಳಿದವು. ಬಾಣಂತನ ಮುಗಿದ ಮೇಲೂ ಅಂಟಿನುಂಡೆ, ಕೊಬ್ಬರಿ ಬೆಲ್ಲಗಳನ್ನು ತಿಂಗಳುಗಟ್ಟಲೆ ಮುಂದುವರಿಸುವವರು ಇದನ್ನು ಗಮನಿಸಬೇಕು.

ಬಳೆ, ಶಸ್ತ್ರಕ್ರಿಯೆ ಮತ್ತು ‘ಗರ್ಭಕೋಶ ತೆಗೆಸಿಬಿಡಿ’ ಎಂಬ ಮಾತು

ಜಾರುವಿಕೆ ಹೆಚ್ಚಾದಾಗ ವ್ಯಾಯಾಮ ಒಂದೇ ಸಾಲದು. ಆಗ ಮೊದಲ ಆಯ್ಕೆಯಾಗಿ ಪೆಸ್ಸರಿ ಎಂಬ ಸಿಲಿಕೋನ್ ಬಳೆಯನ್ನು ಯೋನಿಮಾರ್ಗದಲ್ಲಿ ಕೂರಿಸಿ ಅಂಗವನ್ನು ಮೇಲೆ ಹಿಡಿದಿಡಬಹುದು. ವೈದ್ಯರು ಅಳತೆ ನೋಡಿ ಕೂರಿಸುತ್ತಾರೆ. ಕಾಲಕಾಲಕ್ಕೆ ತೆಗೆದು ತೊಳೆದು ಪರೀಕ್ಷಿಸಿಕೊಳ್ಳಬೇಕು. ಶಸ್ತ್ರಕ್ರಿಯೆಗೆ ದೇಹ ಒಗ್ಗದ ವೃದ್ಧ ತಾಯಂದಿರಿಗೂ, ಇನ್ನೂ ಮಕ್ಕಳು ಬೇಕಾದ ತರುಣಿಯರಿಗೂ ಇದು ಅನುಕೂಲ. ನೆದರ್‌ಲ್ಯಾಂಡ್ಸ್‌ನಲ್ಲಿ ನಡೆದು 2022ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಬಳೆಯಿಂದ ಆರಂಭಿಸಿದವರಲ್ಲಿ ಎರಡು ವರ್ಷಗಳ ನಂತರ ನೂರಕ್ಕೆ 76 ಮಂದಿ, ಶಸ್ತ್ರಕ್ರಿಯೆಯಿಂದ ಆರಂಭಿಸಿದವರಲ್ಲಿ ನೂರಕ್ಕೆ ಸುಮಾರು 81 ಮಂದಿ ತಮಗೆ ಸುಧಾರಿಸಿದೆ ಎಂದರು. ಶಸ್ತ್ರಕ್ರಿಯೆಯದೇ ಮೇಲುಗೈಯಾದರೂ ಬಳೆಯ ಫಲ ಕಡಿಮೆಯದೇನಲ್ಲ.

ಶಸ್ತ್ರಕ್ರಿಯೆಯೆಂದರೆ ಗರ್ಭಕೋಶ ತೆಗೆಯುವುದೆಂದೇ ಅನೇಕರು ತಿಳಿದಿದ್ದಾರೆ. ನೆಲುವಿನ ಹಗ್ಗ ಜಗ್ಗಿದ್ದಕ್ಕೆ ಗಡಿಗೆಯನ್ನು ಒಡೆದು ಎಸೆದರೆ ಹಗ್ಗ ಬಿಗಿಯಾಗುವುದಿಲ್ಲ. ದೋಷವಿರುವುದು ಆಧಾರದಲ್ಲಿ. ಆಧಾರವನ್ನು ಸರಿಪಡಿಸದೆ ಗರ್ಭಕೋಶವನ್ನಷ್ಟೇ ತೆಗೆದರೆ ಮುಂದೆ ಯೋನಿಯ ಮೇಲ್ಭಾಗವೋ ಮೂತ್ರಕೋಶವೋ ಕೆಳಗಿಳಿಯಬಹುದು. ಗರ್ಭಕೋಶವನ್ನು ಉಳಿಸಿಕೊಂಡೇ ಮೇಲೆತ್ತಿ ಕಟ್ಟುವ ಕ್ರಮಗಳನ್ನು ನಮ್ಮ ದೇಶದ ಶಸ್ತ್ರವೈದ್ಯರೇ ಬಹುಹಿಂದೆ ರೂಪಿಸಿದ್ದಾರೆ, ಮುಂಬಯಿಯ ಡಾ. ವಿ. ಎನ್. ಶಿರೋಡ್ಕರ್ ಅವರ ಹೆಸರು ಅವುಗಳಲ್ಲೊಂದಕ್ಕೆ ನಿಂತಿದೆ. ಯಾವುದು ಯಾರಿಗೆ ಸೂಕ್ತವೆಂಬುದನ್ನು ವಯಸ್ಸು, ಮಕ್ಕಳು, ಜಾರುವಿಕೆಯ ಪ್ರಮಾಣ ನೋಡಿ ತಜ್ಞರು ನಿರ್ಧರಿಸಬೇಕು. ಯೋನಿಯ ಮೂಲಕ ಕೃತಕ ಜಾಲರಿ ಹೊಲಿಯುವ ಕ್ರಮ ಕೆಲವು ವರ್ಷ ಬಹಳ ಪ್ರಚಾರದಲ್ಲಿತ್ತು. ತೊಂದರೆಗಳ ದೂರು ಹೆಚ್ಚಿದ್ದರಿಂದ ಜಾರುವಿಕೆಗೆ ಬಳಸುವ ಅಂತಹ ಜಾಲರಿಗಳ ಮಾರಾಟವನ್ನು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2019ರಲ್ಲಿ ನಿಲ್ಲಿಸಿತು.

ಬಿಳಿಮುಟ್ಟಿಗೂ ಸೊಂಟನೋವಿಗೂ ‘ಗರ್ಭಕೋಶ ಕೆಟ್ಟಿದೆ, ಕ್ಯಾನ್ಸರ್ ಆಗುತ್ತದೆ’ ಎಂದು ಹೆದರಿಸಿ ಮೂವತ್ತೈದು ವರ್ಷದೊಳಗಿನವರಿಗೂ ಗರ್ಭಕೋಶ ತೆಗೆದ ಪ್ರಸಂಗಗಳು ನಮ್ಮ ನಾಡಿನಲ್ಲಿಯೂ ನಡೆದಿವೆ. ಅನಗತ್ಯ ಗರ್ಭಕೋಶ ಶಸ್ತ್ರಕ್ರಿಯೆಗಳನ್ನು ತಡೆಯುವ ಮಾರ್ಗಸೂಚಿಗಳನ್ನು ಜಾರಿಗೊಳಿಸುವಂತೆ 2023ರಲ್ಲಿ ಸರ್ವೋಚ್ಚ ನ್ಯಾಯಾಲಯ ರಾಜ್ಯಗಳಿಗೆ ಸೂಚಿಸಿತು. ಯಾರಾದರೂ ಹಾಗೆ ಹೇಳಿದರೆ ಒಡನೆಯೇ ಒಪ್ಪದೆ, ಮತ್ತೊಬ್ಬ ತಜ್ಞರ ಅಭಿಪ್ರಾಯ ಪಡೆಯುವುದು ಪ್ರತಿಯೊಬ್ಬ ತಾಯಿಯ ಹಕ್ಕು.

ಯಾವಾಗ ತಡಮಾಡಬಾರದು?

ಕೆಲವು ಲಕ್ಷಣಗಳಿದ್ದರೆ ಮನೆಮದ್ದಿನಲ್ಲಿ ಕಾಲ ಕಳೆಯದೆ ಆಸ್ಪತ್ರೆಗೆ ಹೋಗಬೇಕು. ಮುಟ್ಟು ನಿಂತ ಮೇಲೆ ಮತ್ತೆ ರಕ್ತ ಕಾಣಿಸುವುದು, ಮೂತ್ರದಲ್ಲಿ ರಕ್ತ, ಮೂತ್ರ ಪೂರ್ತಿ ಕಟ್ಟಿಕೊಳ್ಳುವುದು, ಹೊರಬಂದ ಭಾಗದಲ್ಲಿ ಹುಣ್ಣು, ಹೆರಿಗೆಯ ನಂತರ ಜ್ವರ, ದುರ್ವಾಸನೆಯ ಸ್ರಾವ, ಹೆರಿಗೆಯ ನಂತರ ಮಲ ತಡೆಯಲಾಗದಿರುವುದು, ಇವು ಅಂತಹವು. ಕಷ್ಟದ ದೀರ್ಘ ಹೆರಿಗೆಯ ಬಳಿಕ ಹಗಲಿರುಳೂ ಎಡೆಬಿಡದೆ ಮೂತ್ರ ಸೋರುತ್ತಿದ್ದರೆ ಅದು ಸ್ನಾಯುದೌರ್ಬಲ್ಯವಲ್ಲ. ಮೂತ್ರಕೋಶಕ್ಕೂ ಯೋನಿಗೂ ನಡುವೆ ರಂಧ್ರವಾಗಿರುವ ಸಂಭವವಿದೆ. ಇದಕ್ಕೆ ಶಸ್ತ್ರಕ್ರಿಯೆಯೇ ಚಿಕಿತ್ಸೆ. ಆಸ್ಟ್ರೇಲಿಯಾದ ವೈದ್ಯೆ ಡಾ. ಕ್ಯಾಥರೀನ್ ಹ್ಯಾಮ್ಲಿನ್ ಮತ್ತು ನ್ಯೂಜಿಲೆಂಡ್ ಮೂಲದ ಅವರ ಪತಿ ಡಾ. ರೆಜಿನಾಲ್ಡ್ ಹ್ಯಾಮ್ಲಿನ್ ಇಥಿಯೋಪಿಯಾದ ಆಡಿಸ್ ಅಬಾಬಾದಲ್ಲಿ 1974ರಲ್ಲಿ ಇಂತಹ ತಾಯಂದಿರಿಗಾಗಿಯೇ ಆಸ್ಪತ್ರೆ ಕಟ್ಟಿ ಸಾವಿರಾರು ಮಂದಿಯನ್ನು ಗುಣಪಡಿಸಿದರು. ನಮ್ಮ ರಾಜ್ಯದಲ್ಲಿ ನೂರಕ್ಕೆ 97 ಹೆರಿಗೆಗಳು ಆಸ್ಪತ್ರೆಯಲ್ಲಿಯೇ ಆಗುತ್ತಿರುವುದರಿಂದ ಈ ತೊಂದರೆ ಇಂದು ಅಪರೂಪ.

ಮನೆಯವರಿಗೊಂದು ಮಾತು

ಮಹಾರಾಷ್ಟ್ರದ ಗಡಚಿರೋಲಿ ಜಿಲ್ಲೆಯ ಎರಡು ಹಳ್ಳಿಗಳಲ್ಲಿ ಡಾ. ರಾಣಿ ಬಂಗ್ ಮತ್ತು ಸಂಗಡಿಗರು 650 ಸ್ತ್ರೀಯರನ್ನು ಪರೀಕ್ಷಿಸಿ 1989ರಲ್ಲಿ ಪ್ರಕಟಿಸಿದ ವರದಿ ವೈದ್ಯಲೋಕದ ಕಣ್ತೆರೆಸಿತು. ಅವರಲ್ಲಿ ನೂರಕ್ಕೆ 92 ಮಂದಿಗೆ ಒಂದಲ್ಲ ಒಂದು ಸ್ತ್ರೀರೋಗವಿತ್ತು. ಅದಕ್ಕೆ ಮುಂಚೆ ಎಂದಾದರೂ ಪರೀಕ್ಷೆ ಮಾಡಿಸಿಕೊಂಡಿದ್ದವರು ನೂರಕ್ಕೆ 8 ಮಂದಿ ಮಾತ್ರ. ಮೂರೂವರೆ ದಶಕಗಳು ಕಳೆದಿವೆ. ಹೆರಿಗೆಗೆ ಆಸ್ಪತ್ರೆಗೆ ಹೋಗುವುದನ್ನು ನಾವು ಕಲಿತಿದ್ದೇವೆ; ಹೆರಿಗೆಯ ನಂತರದ ತಾಯಿಯನ್ನು ವಿಚಾರಿಸುವುದನ್ನು ಇನ್ನೂ ಕಲಿಯಬೇಕಾಗಿದೆ. ಮಗುವಿನ ಲಸಿಕೆಯ ದಿನ ಎಲ್ಲರಿಗೂ ನೆನಪಿರುತ್ತದೆ, ಆರನೆಯ ವಾರದ ತಾಯಿಯ ಪರೀಕ್ಷೆ ಯಾರಿಗೂ ನೆನಪಿರುವುದಿಲ್ಲ.

ಆದ್ದರಿಂದ ಈ ಲೇಖನವನ್ನು ತಾಯಂದಿರಷ್ಟೇ ಅಲ್ಲ, ಮನೆಯ ಯಜಮಾನರೂ ಗಂಡುಮಕ್ಕಳೂ ಓದಬೇಕೆಂದು ನಮ್ಮ ಕೋರಿಕೆ. ಮಗುವಿಗೆ ಒಂದೂವರೆ ತಿಂಗಳ ಲಸಿಕೆ ಹಾಕಿಸಲು ಹೋದಾಗ ತಾಯಿಯನ್ನೂ ಅದೇ ದಿನ ಪರೀಕ್ಷೆ ಮಾಡಿಸಿರಿ. ಮನೆಯಲ್ಲಿ ನೀರು ಹೊರುವ, ಭಾರ ಎತ್ತುವ ಕೆಲಸವನ್ನು ಗಂಡಸರು ವಹಿಸಿಕೊಳ್ಳಿರಿ. ಅತ್ತೆಯವರು ಸೊಸೆಯನ್ನು, ತಾಯಿ ಮಗಳನ್ನು ‘ಕೆಮ್ಮಿದಾಗ ತೊಂದರೆಯೇನಾದರೂ ಇದೆಯೇನವ್ವ?’ ಎಂದು ಒಮ್ಮೆ ಕೇಳಿರಿ. ಕೇಳುವಾಗ ತಮಗೂ ಅದೇ ತೊಂದರೆ ಇದ್ದುದು ನೆನಪಾಗಬಹುದು. ಹಾಗಿದ್ದರೆ ಇಬ್ಬರೂ ಜೊತೆಯಾಗಿ ವೈದ್ಯರಲ್ಲಿಗೆ ಹೋಗಿರಿ. ಅರವತ್ತು ದಾಟಿದ ತಾಯಿಗೂ ಈ ವ್ಯಾಯಾಮದಿಂದ ಗುಣ ಕಂಡಿದೆ, ಈಗ ಆರಂಭಿಸಿದರೂ ತಡವಾಗಿಲ್ಲ.